ಹಳೇ ಬಡಾವಣೆಯ ಮನೆಯ ಚರಿತ್ರೆ ಹುಡುಕುವುದು ಹೇಗೆ: ಇವತ್ತಿನಿಂದ ಹಿಂದಕ್ಕೆ, ಒಂದೊಂದೇ ಹೆಜ್ಜೆ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ, ಶಂಕರಪುರ ಕಡೆಯ ಹಳೇ ಮನೆಯವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ನಮ್ಮ ಮನೆ ಯಾವ ಇಸವಿಯದ್ದು, ಯಾರು ಕಟ್ಟಿಸಿದ್ದು, ಹೇಗೆ ಹುಡುಕೋದು?" ಹುಡುಕಲು ಹೊರಟವರಲ್ಲಿ ಹೆಚ್ಚಿನವರು ಎರಡು ತಿಂಗಳಿಗೆ ಕೈಬಿಡುತ್ತಾರೆ. ಎಡವುವ ಜಾಗವೂ ಎಲ್ಲರದ್ದೂ ಒಂದೇ. ಅಜ್ಜನ ಕಥೆಯಿಂದ ಶುರು ಮಾಡುತ್ತಾರೆ, ಕಥೆಯಲ್ಲಿರುವ ಇಸವಿ ಹಿಡಿದುಕೊಂಡು ನೇರವಾಗಿ ಪತ್ರಾಗಾರಕ್ಕೋ ನೋಂದಣಿ ಕಚೇರಿಗೋ ಹೋಗುತ್ತಾರೆ, ಅಲ್ಲಿ ಆ ಹೆಸರೂ ಸಿಗುವುದಿಲ್ಲ, ಆ ಮನೆ ನಂಬರೂ ಸಿಗುವುದಿಲ್ಲ, ಸುಮ್ನೆ ವಾಪಸ್ ಬರುತ್ತಾರೆ.

ಹುಡುಕಾಟ ಇವತ್ತಿನ ಕಾಗದದಿಂದ ಶುರುವಾಗಬೇಕು. ಅಲ್ಲಿಂದ ಒಂದೊಂದೇ ಕೊಂಡಿ ಹಿಡಿದು ಹಿಂದಕ್ಕೆ ಹೋಗಬೇಕು. ಜನರ ಹೆಸರು ಬದಲಾಗುತ್ತದೆ, ಮನೆ ನಂಬರ್ ಬದಲಾಗುತ್ತದೆ, ರಸ್ತೆಯ ಹೆಸರೂ ಬದಲಾಗುತ್ತದೆ. ನೆಲ ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೇ ನೆಲವನ್ನು ಹಿಂಬಾಲಿಸಿ.

ಇನ್ನೂ ಒಂದು ಮಾತು. ಸೈಟಿನ ಚರಿತ್ರೆ, ಕಟ್ಟಡದ ಚರಿತ್ರೆ, ಮನೆಯವರ ಚರಿತ್ರೆ ಮೂರೂ ಬೇರೆ ಬೇರೆ. ನೋಟ್‌ಬುಕ್ಕಿನಲ್ಲಿ ಮೊದಲ ದಿನವೇ ಮೂರು ಭಾಗ ಮಾಡಿಕೊಳ್ಳಿ. ಈ ಮೂರನ್ನು ಕಲಸಿಬಿಟ್ಟರೆ ಆಮೇಲೆ ಬಿಡಿಸುವುದು ತುಂಬಾ ಕಷ್ಟ.

ಶುರು ಮಾಡುವ ಮುಂಚೆ

ಬೇಕಾಗಿರುವುದು ಕಡಿಮೆ. ಉದ್ದನೆಯ ನೋಟ್‌ಬುಕ್, ಪೆನ್ಸಿಲ್, 100 ಅಡಿ ಟೇಪು, ಟಾರ್ಚ್, ಒಂದು ಭೂತಗನ್ನಡಿ, ಕಾಗದ ಇಡಲು ಪ್ಲಾಸ್ಟಿಕ್ ಫೋಲ್ಡರ್‌ಗಳು, ಒಳ್ಳೆ ಕ್ಯಾಮೆರಾ ಇರುವ ಫೋನ್. ಹಳೇ ಕಾಗದದ ಹತ್ತಿರ ಪೆನ್ನು ಬೇಡ, ಪೆನ್ಸಿಲ್ ಮಾತ್ರ.

ಸಾಮಾನಿಗಿಂತ ಮುಖ್ಯವಾದದ್ದು ಮನೆಯವರಿಗೆ ಮೊದಲೇ ಹೇಳುವುದು. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರು, ಅವರ ಮಕ್ಕಳು, ಎಲ್ಲರಿಗೂ. ಹಳೇ ಪತ್ರ ಕೇಳಿದ ಕೂಡಲೇ "ಪಾಲು ಕೇಳೋಕೆ ಬಂದಿದ್ದಾನಾ" ಅನ್ನೋ ಅನುಮಾನ ಬರುವುದು ಸಹಜ. ನಿಮಗೆ ಬೇಕಾಗಿರುವುದು ಮನೆಯ ಕಥೆ, ಸಿಕ್ಕಿದ್ದರ ಪ್ರತಿ ಎಲ್ಲರಿಗೂ ಕೊಡುತ್ತೀರಿ, ಮೂಲ ಪತ್ರ ಯಾರ ಹತ್ತಿರ ಇದೆಯೋ ಅಲ್ಲೇ ಇರುತ್ತದೆ ಅಂತ ಬಾಯಿಬಿಟ್ಟು ಹೇಳಿ. ಆಸ್ತಿಯ ಮೇಲೆ ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿದ್ದರೆ ಈ ಕೆಲಸಕ್ಕೆ ಈಗ ಕೈ ಹಾಕಬೇಡಿ, ಮೊದಲು ವಕೀಲರನ್ನು ಕೇಳಿ.

ಹಂತ 1: ಟ್ರಂಕಿನಲ್ಲಿರುವುದನ್ನು ಮೊದಲು ನೋಡಿ

ಯಾವ ಕಚೇರಿಗೂ ಹೋಗುವ ಮುಂಚೆ ಮನೆಯಲ್ಲಿರುವ ಎಲ್ಲಾ ಕಾಗದ ಹೊರಗೆ ತೆಗೆಯಿರಿ. ಕ್ರಯಪತ್ರ, ಪಾಲುಪಟ್ಟಿ, ಉಯಿಲು, ದಾನಪತ್ರ, ಹಕ್ಕು ಬಿಡುಗಡೆ ಪತ್ರ, ಭೋಗ್ಯದ ಪತ್ರ, ಕಂದಾಯದ ರಸೀದಿ, ಖಾತಾ ಪತ್ರ, ನೀರಿನ ಬಿಲ್ಲು, ಕರೆಂಟ್ ಬಿಲ್ಲು, ನಕ್ಷೆ. ಇವು ಎಲ್ಲರಿಗೂ ಗೊತ್ತು. ಜನ ಬಿಟ್ಟುಬಿಡುವುದು ಉಳಿದದ್ದನ್ನು: ಲಗ್ನಪತ್ರಿಕೆ, ಅಂಚೆ ಕಾರ್ಡು, ಅಜ್ಜನ ಜಮಾಖರ್ಚಿನ ಪುಸ್ತಕ, ಹಳೇ ಪಂಚಾಂಗದ ಅಂಚಿನಲ್ಲಿ ಬರೆದ ಟಿಪ್ಪಣಿ. ಮನೆಗೆ ಸುಣ್ಣ ಹೊಡೆಸಿದ ಲೆಕ್ಕ, ಬಡಗಿಗೆ ಕೊಟ್ಟ ಮುಂಗಡ, ಗೃಹಪ್ರವೇಶಕ್ಕೆ ತಂದ ಸಾಮಾನಿನ ಪಟ್ಟಿ ಇರುವುದು ಅಲ್ಲೇ.

ಮೊದಲು ಇದ್ದ ಕ್ರಮದಲ್ಲೇ ಒಂದೊಂದರ ಫೋಟೋ ತೆಗೆಯಿರಿ, ಆಮೇಲೆ ವಿಂಗಡಿಸಿ. ಒಟ್ಟಿಗೆ ಕಟ್ಟಿಟ್ಟ ಕಾಗದಗಳಿಗೆ ಒಂದಕ್ಕೊಂದು ಸಂಬಂಧ ಇರುತ್ತದೆ. ಬಿಚ್ಚಿ ಕಲಸಿದರೆ ಆ ಸುಳಿವು ಹೋಯಿತು. ಫೋಟೋ ತೆಗೆಯುವಾಗ ಹಿಂಬದಿ ಮರೆಯಬೇಡಿ. ಛಾಪಾ ಕಾಗದ ಯಾವ ದಿನ ಯಾರ ಹೆಸರಿಗೆ ಮಾರಿದ್ದು ಅನ್ನುವುದು ಅಲ್ಲಿ ಇರುತ್ತದೆ, ನೋಂದಣಿಯ ಮೊಹರುಗಳೂ ಅಲ್ಲೇ.

ಇಲ್ಲಿ ಆಗುವ ತಪ್ಪುಗಳು: ಹರಿದ ಜಾಗಕ್ಕೆ ಸೆಲ್ಲೋ ಟೇಪ್ ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು. ಟೇಪಿನ ಅಂಟು ಕೆಲವೇ ವರ್ಷಕ್ಕೆ ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೇ ತಿನ್ನುತ್ತದೆ. ತುಕ್ಕು ಹಿಡಿದ ಗುಂಡುಪಿನ್ನು ನಿಧಾನಕ್ಕೆ ತೆಗೆದುಬಿಡಿ. ನೀಲಿ ಹಾಳೆಯ ಮೇಲೆ ಬಿಳಿ ಗೆರೆ ಇರುವ ಹಳೇ ನಕ್ಷೆ ಸಿಕ್ಕರೆ ಬಿಸಿಲಿಗೆ ಹರಡಬೇಡಿ, ಬಣ್ಣ ಹೋಗುತ್ತದೆ. ಮಡಿಕೆ ಬಿಡಿಸುವಾಗ ಬಿರುಕು ಬಿಡುವ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ.

ಹಂತ 2: ನಂಬರುಗಳ ಸರಪಳಿ ಮಾಡಿ

ಜಾಸ್ತಿ ಜನ ಸೋಲುವುದು ಇಲ್ಲಿ, ಅದೂ ಗೊತ್ತಿಲ್ಲದೆ. ಇವತ್ತು ಗೇಟಿನ ಮೇಲಿರುವ ನಂಬರ್ ಹಳೇ ದಾಖಲೆಯಲ್ಲಿ ಇರುವುದೇ ಇಲ್ಲ. ಒಂದೇ ಮನೆಗೆ ಸೈಟ್ ನಂಬರ್, ಹಳೇ ಮುನಿಸಿಪಲ್ ನಂಬರ್, ಹೊಸ ನಂಬರ್, ಪಿಐಡಿ ನಂಬರ್ (ಪಾಲಿಕೆ ಸ್ವತ್ತಿಗೆ ಕೊಟ್ಟ ಗುರುತಿನ ಸಂಖ್ಯೆ) ಅಂತ ನಾಲ್ಕೈದು ಇರುತ್ತವೆ. ಸಿಟಿ ಸರ್ವೆ ಆಗಿರುವ ಕಡೆ ಅದರದ್ದೂ ಒಂದು ನಂಬರ್. ಬಡಾವಣೆ ಆಗುವುದಕ್ಕೆ ಮುಂಚೆ ಅದು ಹೊಲವಾಗಿದ್ದರೆ ಹಳ್ಳಿಯ ಸರ್ವೆ ನಂಬರ್ ಬೇರೆ.

ಖಾತಾ ದೃಢೀಕರಣ ಪತ್ರ, ಖಾತಾ ನಕಲು ಎರಡನ್ನೂ ಎದುರಿಗಿಟ್ಟುಕೊಂಡು ಒಂದು ಪುಟದಲ್ಲಿ ಇವತ್ತಿನ ನಂಬರ್ ಮೇಲೆ ಬರೆಯಿರಿ. ಅದರ ಕೆಳಗೆ ಅದಕ್ಕಿಂತ ಹಿಂದಿನದು, ಅದರ ಕೆಳಗೆ ಅದಕ್ಕೂ ಹಿಂದಿನದು. ಪ್ರತಿ ನಂಬರಿನ ಪಕ್ಕ, ಅದು ಯಾವ ಕಾಗದದಲ್ಲಿ ಯಾವ ತಾರೀಖಿನಲ್ಲಿ ಕಂಡಿತು ಅಂತ ಬರೆಯಿರಿ. "ಹೊಸ ನಂ. ಇಂತಿಷ್ಟು, ಹಳೇ ನಂ. ಇಂತಿಷ್ಟು" ಅಂತ ಎರಡೂ ಒಟ್ಟಿಗೆ ಇರುವ ಒಂದೇ ಒಂದು ರಸೀದಿ ಸಿಕ್ಕರೂ ಸಾಕು, ಅದನ್ನು ಚಿನ್ನದ ಹಾಗೆ ಇಟ್ಟುಕೊಳ್ಳಿ. ಅದಿಲ್ಲದೆ ಮುಂದಿನ ಹೆಜ್ಜೆ ಇಡಲು ಆಗುವುದಿಲ್ಲ.

ನಮ್ಮ ಬಸವನಗುಡಿ ಮನೆಯ ವಿಷಯದಲ್ಲಿ ನನಗೆ ಇದೇ ಆಯಿತು. ಹಳೇ ನಂಬರನ್ನೇ ಹೊಸದು ಅಂದುಕೊಂಡು ಒಂದು ಕಚೇರಿಯಲ್ಲಿ ಅರ್ಜಿ ಹಾಕಿದೆ. ಮೂರು ತಿಂಗಳು ಓಡಾಡಿದ ಮೇಲೆ ಕೈಗೆ ಬಂದದ್ದು ಅದೇ ರಸ್ತೆಯ, ನಾಲ್ಕು ಮನೆ ಆಚೆಯ ಸೈಟಿನ ದಾಖಲೆ. ಹೆಸರುಗಳು ಒಂದೂ ಪರಿಚಯ ಇಲ್ಲ ಅಂತ ಕಂಡಾಗಲೇ ನಿಲ್ಲಿಸಬೇಕಿತ್ತು. ನಿಮಗೂ ಹಾಗೆ ಒಂದೂ ಪರಿಚಿತ ಹೆಸರಿಲ್ಲದ ದಾಖಲೆ ಬಂದರೆ ನಂಬರ್ ತಪ್ಪಿದೆ ಅಂತಲೇ ತಿಳಿಯಿರಿ.

ರಸ್ತೆಯ ಹೆಸರಿಗೂ ಒಂದು ಸರಪಳಿ ಬೇಕು. ಇವತ್ತಿನ ಡಿವಿಜಿ ರಸ್ತೆ ಹಳೇ ಪತ್ರಗಳಲ್ಲಿ ನಾಗಸಂದ್ರ ರಸ್ತೆ. ಇಂಥವು ಊರು ತುಂಬ ಇವೆ.

ಹಂತ 3: ಇಸಿ ತೆಗೆಸಿ, ಪತ್ರದಿಂದ ಪತ್ರಕ್ಕೆ ಹಿಂದಕ್ಕೆ ಹೋಗಿ

ಇಸಿ ಅಂದರೆ ಋಣಭಾರ ಪ್ರಮಾಣಪತ್ರ. ಆ ಸ್ವತ್ತಿನ ಮೇಲೆ ನೋಂದಣಿ ಆದ ವ್ಯವಹಾರಗಳ ಪಟ್ಟಿ ಅದು. 2004ರ ಏಪ್ರಿಲ್ 1ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಳೇ ಇಂಡೆಕ್ಸ್ ಪುಸ್ತಕಗಳನ್ನು ಕೈಯಲ್ಲೇ ಹುಡುಕಿಸಬೇಕು. ಊರು ಬೆಳೆದ ಹಾಗೆ ಕಚೇರಿಗಳ ವ್ಯಾಪ್ತಿ ಒಡೆದಿದೆ. ನಿಮ್ಮ ಬಡಾವಣೆಯ ಹಳೇ ಪುಸ್ತಕಗಳು ಈಗ ಯಾವ ಕಚೇರಿಯಲ್ಲಿವೆ ಅಂತ ಮೊದಲು ಕೇಳಿಕೊಂಡು ಆಮೇಲೆ ದುಡ್ಡು ಕಟ್ಟಿ.

ಒಂದೇ ಸಲಕ್ಕೆ ನೂರು ವರ್ಷದ ಇಸಿ ಕೇಳಬೇಡಿ. ಶುಲ್ಕ ವರ್ಷದ ಲೆಕ್ಕದಲ್ಲಿ ಏರುತ್ತದೆ, ಹುಡುಕುವವರಿಗೂ ಬೇಸರ, ತಪ್ಪೂ ಜಾಸ್ತಿ. ಕೈಯಲ್ಲಿರುವ ಅತಿ ಹಳೇ ಪತ್ರದ ಇಸವಿ ಹಿಡಿದು, ಅದರ ಆಚೆ ಈಚೆ ಹತ್ತು ಹದಿನೈದು ವರ್ಷ ಕೇಳಿ.

ಇಸಿಯಲ್ಲಿ ಸಿಕ್ಕ ಪ್ರತಿ ವ್ಯವಹಾರಕ್ಕೂ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಸ್ಥಿರಾಸ್ತಿಯ ಪತ್ರಗಳು ನಕಲಾಗುವುದು 1ನೇ ಪುಸ್ತಕದಲ್ಲಿ, ಉಯಿಲುಗಳು 3ನೇ ಪುಸ್ತಕದಲ್ಲಿ. 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಕೇಳಬಹುದು. ಉಯಿಲಿನ ನಕಲು ಮಾತ್ರ ಬರೆದವರು ತೀರಿಕೊಂಡ ಮೇಲಷ್ಟೇ ಬೇರೆಯವರಿಗೆ ಸಿಗುವುದು.

ನಕಲು ಬಂದ ಮೇಲೆ ಪತ್ರದಲ್ಲಿ ಏನು ಓದಬೇಕು? "ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ" ಅಂತ ಒಂದು ಸಾಲು ಬರುತ್ತದಲ್ಲ, ಅದರ ಮುಂದಿನ ಭಾಗ ನೋಡಿ. ಮಾರುವವರಿಗೆ ಆ ಸ್ವತ್ತು ಹೇಗೆ ಬಂತು ಅಂತ ಅಲ್ಲಿ ಹೇಳಿರುತ್ತಾರೆ. ಸ್ವಯಾರ್ಜಿತವೋ, ಪಿತ್ರಾರ್ಜಿತವೋ, ಯಾರಿಂದ ಕ್ರಯಕ್ಕೆ ಪಡೆದದ್ದೋ, ಯಾವ ತಾರೀಖಿನ ಪತ್ರವೋ, ಎಷ್ಟನೇ ವಾಲ್ಯೂಮಿನ ಯಾವ ಪುಟದಲ್ಲಿ ಎಷ್ಟನೇ ನಂಬರಾಗಿ ನೋಂದಣಿ ಆಗಿದೆಯೋ. ಆ ವಾಲ್ಯೂಮ್, ಪುಟ, ನಂಬರ್ ಸಿಕ್ಕರೆ ಹಿಂದಿನ ಪತ್ರಕ್ಕೆ ಇಸಿಯೇ ಬೇಡ. ನೇರವಾಗಿ ನಕಲು ಕೇಳಿ. ಹೀಗೆ ಒಂದು ಪತ್ರ ಅದರ ಹಿಂದಿನದಕ್ಕೆ ದಾರಿ ತೋರಿಸುತ್ತದೆ.

ಹೆಸರಿನ ವಿಷಯದಲ್ಲಿ ಮೈಮರೆಯಬೇಡಿ. "ಬಿನ್" ಅಂದರೆ ಇಂಥವರ ಮಗ, "ಕೋಂ" ಅಂದರೆ ಇಂಥವರ ಹೆಂಡತಿ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ. ಹಾಗಾಗಿ 1915ರ ಪತ್ರದಲ್ಲಿರುವ ಹೆಸರೂ 1960ರ ಪತ್ರದಲ್ಲಿರುವ ಹೆಸರೂ ಒಂದೇ ಆಗಿದ್ದು, ಇನಿಷಿಯಲ್ ಸಹ ಒಂದೇ ಆಗಿದ್ದು, ಮನುಷ್ಯರು ಮಾತ್ರ ಬೇರೆ ಆಗಿರಬಹುದು. "ಬಿನ್" ನಂತರದ ಹೆಸರು ಹೊಂದುತ್ತದೆಯೇ ಅಂತ ನೋಡದೆ ಒಬ್ಬರೇ ಅಂತ ತೀರ್ಮಾನ ಮಾಡಬೇಡಿ. ಕೊನೆಯಲ್ಲಿ "ಬಿಕ್ಕಲಂ" ಅಂತ ಇರುವುದು ಪತ್ರ ಬರೆದವರ ಹೆಸರು, ಅವರು ಮಾಲೀಕರಲ್ಲ. ಹೊಸಬರು ಇದನ್ನೂ ತಪ್ಪು ಓದುತ್ತಾರೆ.

ಇಸಿಯಲ್ಲಿ ಬಾರದೆ ಇರುವುದೂ ಬಹಳ ಇದೆ. ತಂದೆ ತೀರಿಕೊಂಡು ಮಕ್ಕಳಿಗೆ ಬಂದದ್ದು, ನೋಂದಣಿ ಮಾಡಿಸದ ಉಯಿಲು, ಹಿರಿಯರ ಮುಂದೆ ಬಾಯಿಮಾತಿನಲ್ಲಿ ಆದ ಪಾಲು, ಇವು ಯಾವುದೂ ಅಲ್ಲಿ ಕಾಣುವುದಿಲ್ಲ. ಮೂವತ್ತು ವರ್ಷ ಇಸಿ ಖಾಲಿ ಇದ್ದರೆ ಏನೂ ಆಗಿಲ್ಲ ಅಂತಲ್ಲ, ನೋಂದಣಿ ಆಗಿಲ್ಲ ಅಂತ ಅಷ್ಟೇ. ಆ ಕಾಲದ ಖಾತೆ ಯಾರ ಹೆಸರಿಂದ ಯಾರ ಹೆಸರಿಗೆ ಹೋಯಿತು ಅಂತ ನೋಡಿದರೆ ಅಂತರ ತುಂಬುತ್ತದೆ. ಖಾತೆ ಮಾಲೀಕತ್ವದ ಪುರಾವೆ ಅಲ್ಲ, ಕಂದಾಯ ಯಾರು ಕಟ್ಟುತ್ತಿದ್ದರು ಅನ್ನುವುದಕ್ಕೆ ಪುರಾವೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಜಯನಗರ, ರಾಜಾಜಿನಗರದ ಮನೆಯವರಿಗೆ ಒಂದು ಎಚ್ಚರಿಕೆ. ಸಿಐಟಿಬಿ (ಬಿಡಿಎಗೆ ಮುಂಚೆ ಬಡಾವಣೆ ಮಾಡುತ್ತಿದ್ದ ಮಂಡಳಿ) ಹಂಚಿದ ಸೈಟುಗಳಿಗೆ ಮೊದಲು ಲೀಸ್ ಕಂ ಸೇಲ್ ಕರಾರು ಆಗಿ, ವರ್ಷಗಳ ನಂತರ ಶುದ್ಧ ಕ್ರಯಪತ್ರ ಆಗುತ್ತಿತ್ತು. ಕ್ರಯಪತ್ರದ ಇಸವಿಯನ್ನೇ ಮನೆಯ ಇಸವಿ ಅಂತ ಹಿಡಿದರೆ ಹತ್ತು ವರ್ಷಕ್ಕೂ ಜಾಸ್ತಿ ತಪ್ಪಬಹುದು. ಹಂಚಿಕೆ ಪತ್ರ, ಸ್ವಾಧೀನ ಪತ್ರ ಹುಡುಕಿ.

ಹಂತ 4: ಚಕ್ಕುಬಂದಿ ಓದಿ, ಪಕ್ಕದ ಮನೆಯವರನ್ನು ಕೇಳಿ

ಒಂದೇ ಒಂದು ಹಂತ ಸರಿಯಾಗಿ ಮಾಡಲು ಪುರುಸೊತ್ತು ಇದ್ದರೆ ಇದನ್ನು ಮಾಡಿ.

ಪ್ರತಿ ಪತ್ರದ ಕೊನೆಯಲ್ಲಿ ಷೆಡ್ಯೂಲ್ ಇರುತ್ತದೆ, ಅದರಲ್ಲಿ ಚಕ್ಕುಬಂದಿ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಉತ್ತರಕ್ಕೆ ಯಾರ ಸ್ವತ್ತು, ದಕ್ಷಿಣಕ್ಕೆ ಯಾರ ಸ್ವತ್ತು. ಜೊತೆಗೆ ಉದ್ದ ಅಗಲ. ಎರಡು ಪತ್ರಗಳು ಒಂದೇ ಸೈಟಿನವೋ ಅಲ್ಲವೋ ಅಂತ ಹೇಳುವುದು ಇದು. ನಂಬರ್ ಬದಲಾಗಿದ್ದರೂ ಅಳತೆ ಒಂದೇ ಇದ್ದು, ಹಿಂದೆ ಕನ್ಸರ್ವೆನ್ಸಿ ಓಣಿ (ಮನೆಗಳ ಹಿಂಬದಿಯ ಕಿರಿದಾದ ಓಣಿ), ಮುಂದೆ ಅದೇ ರಸ್ತೆ, ಪಕ್ಕದಲ್ಲಿ ಅದೇ ಮನೆತನದ ಹೆಸರು ಇದ್ದರೆ ಸೈಟು ಒಂದೇ. ಅಳತೆ ಕಡಿಮೆ ಆಗಿದ್ದರೆ ನಡುವೆ ಒಂದು ತುಂಡು ಮಾರಿದ್ದಾರೆ ಅಥವಾ ಪಾಲಾಗಿದೆ. ಆ ತುಂಡಿನ ಪತ್ರ ಬೇರೆ ಕಡೆ ಇರುತ್ತದೆ, ಅದನ್ನೂ ಹುಡುಕಿ.

ಪ್ರತಿ ಪತ್ರದ ಚಕ್ಕುಬಂದಿಗೂ ಒಂದು ಚೌಕ ಬರೆಯಿರಿ. ನಡುವೆ ನಿಮ್ಮ ಸೈಟು, ನಾಲ್ಕು ಬದಿಗೆ ನಾಲ್ಕು ಹೆಸರು, ಮೂಲೆಯಲ್ಲಿ ಇಸವಿ. ಈ ಚೌಕಗಳನ್ನು ಸಾಲಾಗಿ ಇಟ್ಟು ನೋಡಿದರೆ ರಸ್ತೆ ತುಂಬುತ್ತಾ ಹೋದದ್ದು ಕಣ್ಣಿಗೆ ಕಾಣುತ್ತದೆ.

ಇನ್ನು ಪಕ್ಕದ ಮನೆ. ನಿಮ್ಮ ಪತ್ರ ನಿಮ್ಮ ಮನೆ ಯಾವಾಗ ಕಟ್ಟಿದ್ದು ಅಂತ ಹೇಳುವುದು ಅಪರೂಪ. ಪಕ್ಕದವರ ಪತ್ರ ಹೇಳುತ್ತದೆ! ಅವರ ಚಕ್ಕುಬಂದಿಯಲ್ಲಿ ನೀವು ಒಂದು ಬದಿ ಆಗಿರುತ್ತೀರಿ ಅಲ್ವಾ. ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಅಜ್ಜ ಕಟ್ಟಿಸಿದ ಮನೆ ಅಂತ. ಅಜ್ಜನ ಕ್ರಯಪತ್ರ 1931ರದ್ದು. ಉತ್ತರದ ಮನೆಯವರು ನಮ್ಮ ಮೂರು ತಲೆಮಾರಿನ ನೆರೆಯವರು, ಕೇಳಿದ ಕೂಡಲೇ ಅವರ ಪತ್ರಗಳನ್ನು ತಂದು ಊಟದ ಮೇಜಿನ ಮೇಲೆ ಹರಡಿದರು. 1919ರ ಅವರ ಕ್ರಯಪತ್ರದಲ್ಲಿ "ದಕ್ಷಿಣಕ್ಕೆ ಖಾಲಿ ನಿವೇಶನ" ಅಂತ ಇತ್ತು. 1924ರಲ್ಲಿ ಅವರೇ ಸಾಲಕ್ಕೆ ಬರೆದುಕೊಟ್ಟ ಆಧಾರಪತ್ರದಲ್ಲಿ "ದಕ್ಷಿಣಕ್ಕೆ ಹೊಸದಾಗಿ ಕಟ್ಟಿರುವ ಮನೆ" ಅಂತ. ಮಸಿ ಕಂದಿದೆ, "ಹೊಸದಾಗಿ" ಅನ್ನುವ ಪದದ ಮೇಲೆ ನೋಂದಣಿಯ ನೇರಳೆ ಮೊಹರು ಅರ್ಧ ಕೂತಿದೆ, ಆದರೂ ಓದಬಹುದು. ಅಂದರೆ ಮನೆ ಎದ್ದದ್ದು 1919 ಮತ್ತು 1924ರ ನಡುವೆ, ಅಜ್ಜ ಅದನ್ನು ಕೊಳ್ಳುವುದಕ್ಕೆ ಏಳು ವರ್ಷಕ್ಕೂ ಮುಂಚೆ. ಹಾಗಾದರೆ ಅಜ್ಜ ಏನು ಕಟ್ಟಿಸಿದರು? ಅದು ಮುಂದಿನ ಹಂತಗಳಲ್ಲಿ ಸಿಕ್ಕಿತು.

ಪಕ್ಕದವರು ಪತ್ರ ತೋರಿಸಲು ಹಿಂಜರಿದರೆ ಒತ್ತಾಯ ಬೇಡ. ಷೆಡ್ಯೂಲಿನ ಪುಟ ಮಾತ್ರ ಸಾಕು ಅಂತ ಕೇಳಿ ನೋಡಿ. ಆಗದಿದ್ದರೆ ಅವರ ಸೈಟಿನ ನಂಬರ್ ಹಿಡಿದು 1ನೇ ಪುಸ್ತಕದ ನಕಲಿಗೆ ಅರ್ಜಿ ಹಾಕಬಹುದು. ಮೊದಲೇ ಹೇಳಿ ಹಾಕಿ, ನೆರೆಹೊರೆ ಕೆಡಿಸಿಕೊಳ್ಳಬೇಡಿ.

ಹಂತ 5: ತಾರೀಖಿಲ್ಲದ ಕಾಗದಕ್ಕೆ ತಾರೀಖು ಕೊಡಿ

ರಸೀದಿ ಹರಿದು ಇಸವಿ ಹೋಗಿರುತ್ತದೆ. ಆಗ ಕಾಗದದ ಮೇಲಿನ ಉಳಿದ ಗುರುತುಗಳು ಕೆಲಸಕ್ಕೆ ಬರುತ್ತವೆ.

ಕಚೇರಿಯ ಹೆಸರು ನೋಡಿ. ಬೆಂಗಳೂರು ಸಿಟಿ ಮುನಿಸಿಪಾಲಿಟಿ ಅಂತ ಇದ್ದರೆ 1949ಕ್ಕಿಂತ ಹಿಂದಿನದು. ಆಮೇಲೆ ಕಾರ್ಪೊರೇಷನ್. ಸಿಐಟಿಬಿ ಅಂತ ಇದ್ದರೆ 1945ರಿಂದ 1976ರ ಒಳಗೆ, ಅಲ್ಲಿಂದ ಮುಂದೆ ಬಿಡಿಎ. ಬಿಬಿಎಂಪಿ ಬಂದದ್ದು 2007ರಲ್ಲಿ, 2025ರಲ್ಲಿ ಅದೂ ಹೋಗಿ ಐದು ಪಾಲಿಕೆಗಳಾಗಿವೆ. ಕರೆಂಟ್ ಬಿಲ್ಲಿನಲ್ಲಿ ಕೆಇಬಿ (ಕರ್ನಾಟಕ ವಿದ್ಯುತ್ ಮಂಡಳಿ) ಅಂತ ಇದ್ದರೆ 1973ರ ನಂತರದ್ದು, ಬೆಸ್ಕಾಂ ಅಂದರೆ 2002ರ ನಂತರ. ನೀರಿಗೆ ಜಲಮಂಡಳಿಯ ಹೆಸರಿದ್ದರೆ 1964ಕ್ಕಿಂತ ಹಿಂದಿನದಲ್ಲ. ಛಾಪಾ ಕಾಗದದಲ್ಲಿ ಮೈಸೂರು ಅಂತ ಇದೆಯೋ ಕರ್ನಾಟಕ ಅಂತ ಇದೆಯೋ ನೋಡಿ, ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಹಳೇ ಫಾರಂ ಮುಗಿಯುವವರೆಗೂ ಅದನ್ನೇ ಬಳಸುತ್ತಿದ್ದರು, ಹಾಗಾಗಿ ಒಂದೆರಡು ವರ್ಷ ಆಚೀಚೆ ಬಿಟ್ಟುಕೊಳ್ಳಿ.

ರೂಪಾಯಿ, ಆಣೆ, ಪೈ ಲೆಕ್ಕ ಇದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ವಿಳಾಸದಲ್ಲಿ "ಬೆಂಗಳೂರು-4" ಅಂತ ಇದೆಯೋ 560004 ಅಂತ ಇದೆಯೋ? ಆರು ಅಂಕಿಯ ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಪಿನ್‌ಕೋಡ್ ಇದ್ದರೆ ಅದಕ್ಕಿಂತ ಹಿಂದಿನದಲ್ಲ ಅಂತ ಖಾತ್ರಿ. ಇಲ್ಲದಿದ್ದರೆ ಏನೂ ಹೇಳಲಾಗದು, ಎಷ್ಟೋ ಜನ ಆಮೇಲೂ "ಬೆಂಗಳೂರು-4" ಅಂತಲೇ ಬರೆಯುತ್ತಿದ್ದರು.

ಸಂವತ್ಸರದ ಹೆಸರು ಮಾತ್ರ ಇದ್ದರೆ ಎರಡು ಕಡೆ ಜಾಗ್ರತೆ. ಒಂದು, ಅದು 60 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ. ಪ್ರಜೋತ್ಪತ್ತಿ ಅಂದರೆ 1871-72 ಆಗಬಹುದು, 1931-32 ಆಗಬಹುದು, 1991-92 ಆಗಬಹುದು. ಎರಡು, ಸಂವತ್ಸರ ಶುರುವಾಗುವುದು ಯುಗಾದಿಗೆ. ನಮ್ಮ ಅಜ್ಜನ ಪಂಚಾಂಗದ ಅಂಚಿನಲ್ಲಿ "ಧಾತು ಸಂ|| ಮಾಘ ಶುದ್ಧ, ಮಹಡಿ ಪ್ರವೇಶ" ಅಂತ ಪೆನ್ಸಿಲಿನಲ್ಲಿ ಬರೆದಿತ್ತು. ಧಾತು ಅಂದರೆ 1936-37. ಎಲ್ಲರೂ 1936 ಅಂದುಬಿಟ್ಟರು. ಮಾಘ ಬರುವುದು ಜನವರಿ, ಫೆಬ್ರವರಿ ಹೊತ್ತಿಗೆ, ಹಾಗಾಗಿ ಅದು 1937. ಅಜ್ಜ ಕಟ್ಟಿಸಿದ್ದು ಮಹಡಿ ಅಂತ ಮೊದಲು ಗೊತ್ತಾದದ್ದು ಆ ಒಂದು ಸಾಲಿನಿಂದ.

ಪತ್ರ ಬರೆದ ದಿನ, ನೋಂದಣಿ ಆದ ದಿನ ಎರಡೂ ಬರೆದುಕೊಳ್ಳಿ. ಬರೆದ ಮೇಲೆ ನೋಂದಣಿಗೆ ಹಾಜರುಪಡಿಸಲು ನಾಲ್ಕು ತಿಂಗಳ ಗಡುವು ಇರುತ್ತದೆ, ಡಿಸೆಂಬರಿನಲ್ಲಿ ಬರೆದದ್ದು ಮುಂದಿನ ಇಸವಿಯಲ್ಲಿ ನೋಂದಣಿ ಆಗಿರಬಹುದು.

ಹಂತ 6: ಈಗ ಮನೆಯನ್ನೇ ನೋಡಿ

ಕಾಗದ ಓದುವ ಮುಂಚೆ ಈ ಕೆಲಸ ಮಾಡಿದರೆ ಕಂಡದ್ದೆಲ್ಲ "ನೂರೈವತ್ತು ವರ್ಷ ಹಳೇದು" ಅನ್ನಿಸುತ್ತದೆ. ಅದಕ್ಕೇ ಇದು ಆರನೇ ಹಂತ.

ಟೇಪು ಹಿಡಿದು ಕೋಣೆ ಕೋಣೆ ಅಳೆದು ಒಂದು ನಕ್ಷೆ ಬರೆಯಿರಿ. ಗೋಡೆಯ ದಪ್ಪ ಎಲ್ಲಿ ಬದಲಾಗುತ್ತದೆ? ನೆಲದ ಮಟ್ಟ ಎಲ್ಲಿ ಒಂದು ಇಂಚು ಏರುತ್ತದೆ? ಕಿಟಕಿ ಇದ್ದ ಜಾಗ ಬೀರು ಆಗಿದೆಯಾ? ಕಟ್ಟಡ ಬೆಳೆದ ಗಡಿ ಅಂಥ ಕಡೆ ಇರುತ್ತದೆ. ತೇಗದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿ ಒಂದು ಕಡೆ, ಕಾಂಕ್ರೀಟ್ ಛಾವಣಿ ಇನ್ನೊಂದು ಕಡೆ ಇದ್ದರೆ ಎರಡು ಕಾಲದ ಕೆಲಸ. ಕಾವಿ ಬಣ್ಣದ ರೆಡ್ ಆಕ್ಸೈಡ್ ನೆಲದ ನಡುವೆ ಒಂದೇ ಕೋಣೆಯಲ್ಲಿ ಮೊಸಾಯಿಕ್ ಇದ್ದರೆ ಆ ಕೋಣೆಗೆ ಏನೋ ಆಗಿದೆ, ಕೇಳಿ.

ಬಚ್ಚಲ ಮನೆಯ ಅಥವಾ ಹಿತ್ತಿಲ ಕೊಟ್ಟಿಗೆಯ ಮಂಗಳೂರು ಹೆಂಚು ಒಂದನ್ನು ತೆಗೆದು ತಿರುಗಿಸಿ ನೋಡಿ. ಎಷ್ಟೋ ವರ್ಷದ ಸೌದೆ ಹೊಗೆ ಕೂತು ಕಪ್ಪಾಗಿರುತ್ತದೆ, ಒದ್ದೆ ಬಟ್ಟೆಯಿಂದ ಉಜ್ಜಿದರೆ ಉಬ್ಬು ಅಕ್ಷರ ಮೇಲೆ ಬರುತ್ತವೆ. ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ನಡೆಸುತ್ತಿದ್ದ ಬಾಸೆಲ್ ಮಿಷನ್ ಹೆಸರಿನ ಜೊತೆ 1865 ಅಂತ ಕಂಡು ಎಷ್ಟೋ ಜನ ಮನೆಗೇ 1865 ಅಂತ ಬರೆದುಬಿಟ್ಟಿದ್ದಾರೆ. ಅದು ಕಾರ್ಖಾನೆ ಶುರುವಾದ ವರ್ಷ. ಆ ಕಾರ್ಖಾನೆಯನ್ನು ಆಮೇಲೆ ವಹಿಸಿಕೊಂಡ ಕಾಮನ್‌ವೆಲ್ತ್ ಕಂಪನಿಯ ಹೆಸರಿದ್ದರೆ ಮೊದಲನೇ ಮಹಾಯುದ್ಧದ ನಂತರದ ಹೆಂಚು. ಹೆಂಚು, ಬಾಗಿಲು, ಕಂಬ ಇವನ್ನೆಲ್ಲ ಹಳೇ ಮನೆ ಕೆಡವಿದಲ್ಲಿಂದ ತಂದು ಹಾಕುವ ರೂಢಿ ಇತ್ತು ಅನ್ನುವುದು ನೆನಪಿರಲಿ. ಕಬ್ಬಿಣದ ತೊಲೆಯ ಮೇಲೆ ಟಿಸ್ಕೋ (ಟಾಟಾ ಉಕ್ಕಿನ ಕಂಪನಿ) ಅಂತ ಇದ್ದರೆ ಅದು 1912ಕ್ಕಿಂತ ಹಿಂದಿನದಲ್ಲ, ಆ ಕಾರ್ಖಾನೆಯಲ್ಲಿ ಉಕ್ಕು ತಯಾರಾಗಲು ಶುರುವಾದದ್ದು ಆಗ. ಇಂಥ ವಸ್ತುಗಳು "ಇದಕ್ಕಿಂತ ಹಿಂದೆ ಅಲ್ಲ" ಅಂತ ಮಾತ್ರ ಹೇಳಬಲ್ಲವು.

ಗಾರೆ ಕೆರೆದು ನೋಡುವ ಆಸೆ ಬೇಡ. ತೊಲೆಯ ತುದಿ ಗೋಡೆಯೊಳಗೆ ಸೇರುವ ಕಡೆ ಪುಡಿ ಉದುರುತ್ತಿದ್ದರೆ, ತಾರಸಿ ನಡುವೆ ಜಗ್ಗಿದ್ದರೆ, ಆ ಕೆಳಗೆ ನಿಂತು ಏಣಿ ಹಾಕಬೇಡಿ. ಮೊದಲು ತಿಳಿದ ಮೇಸ್ತ್ರಿಯನ್ನು ಕರೆಸಿ.

ಹಂತ 7: ಹಿರಿಯರನ್ನು ಕೇಳಿ, ಆದರೆ ಇಸವಿ ಕೇಳಬೇಡಿ

ಕಾಗದದ ಬೆನ್ನೆಲುಬು ಕೈಯಲ್ಲಿದ್ದರೆ ಮಾತ್ರ ಈ ಮಾತುಕತೆ ಫಲ ಕೊಡುತ್ತದೆ. ಆದರೆ 85 ದಾಟಿದವರು ಇದ್ದರೆ ಕ್ರಮ ಗಿಮ ನೋಡಬೇಡಿ, ನಾಳೆಯೇ ಹೋಗಿ ಒಂದು ಸಲ ಮಾತಾಡಿಸಿ ಬನ್ನಿ, ಮತ್ತೆ ಹೋದರಾಯಿತು.

"ಮನೆ ಯಾವಾಗ ಕಟ್ಟಿದ್ದು?" ಅಂದರೆ ಕೇಳಿದ ಕಥೆ ಬರುತ್ತದೆ. "ನೀವು ಮದುವೆಯಾಗಿ ಬಂದಾಗ ನೀರು ಎಲ್ಲಿಂದ ತರುತ್ತಿದ್ರಿ, ಬಾವಿಯಾ ನಲ್ಲಿಯಾ? ಬಾಣಂತಿ ಕೋಣೆ ಯಾವುದು? ಬಾಡಿಗೆಯವರು ಎಲ್ಲಿದ್ರು? ದೀಪ ಹೇಗಿತ್ತು?" ಅಂದರೆ ಕಂಡದ್ದು ಬರುತ್ತದೆ. ಕಾಲ ಗೊತ್ತು ಮಾಡಲು ಊರಿಗೆಲ್ಲ ಗೊತ್ತಿರುವ ಘಟನೆ ಹಿಡಿಯಿರಿ. ಸ್ವಾತಂತ್ರ್ಯ ಬಂದದ್ದು, ಗಾಂಧೀಜಿ ತೀರಿಕೊಂಡದ್ದು, ನಯಾಪೈಸೆ ಬಂದದ್ದು, 1974ರಲ್ಲಿ ಕಾವೇರಿ ನೀರು ಬಂದದ್ದು. ಅದಕ್ಕೆ ಮುಂಚೆಯೋ ಆಮೇಲೋ ಅಂತ ಕೇಳಿ.

ಕೂರಿಸಿ ಕೇಳುವುದಕ್ಕಿಂತ ಮನೆಯೊಳಗೆ ನಡೆಸಿಕೊಂಡು ಕೇಳಿದರೆ ಇನ್ನೂ ಒಳ್ಳೆಯದು. ನಮ್ಮ ದೊಡ್ಡತ್ತೆ ಸೋಫಾದಲ್ಲಿ ಕೂತಾಗ ಏನೂ ನೆನಪಿಲ್ಲ ಅಂದಿದ್ದರು. ಹಿತ್ತಿಲಿಗೆ ಕರೆದುಕೊಂಡು ಹೋದಾಗ ತುಳಸಿಕಟ್ಟೆಯ ಪಕ್ಕದ ನೆಲವನ್ನು ಕಾಲಿನಿಂದ ತೋರಿಸಿ, "ಇಲ್ಲಿ ಗಾರೆ ಅರೆಯೋ ಗಾಣ ಇತ್ತು ಕಣೋ, ಎತ್ತು ಸುತ್ತುತ್ತಾ ಇತ್ತು, ಅಪ್ಪ ಮಹಡಿ ಕಟ್ಟಿಸ್ತಿದ್ರು, ನಾನು ಎತ್ತಿನ ಹಿಂದೆ ಸುತ್ತುತ್ತಿದ್ದೆ" ಅಂದರು. ಆಗ ಅವರಿಗೆ ಐದೋ ಆರೋ ವರ್ಷ. ಪಂಚಾಂಗದ ಅಂಚಿನ 1937ಕ್ಕೆ ಅದು ಸರಿಯಾಗಿ ಕೂತಿತು.

ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಿ. ಜಗಳದ, ಸಾಲದ, ಪಾಲಿನ ಮಾತು ಬಂದಾಗ ಅವರು ನಿಲ್ಲಿಸಿದರೆ ನೀವೂ ನಿಲ್ಲಿಸಿ.

ಹಂತ 8: ಹೊರಗಿನ ದಾಖಲೆಗಳು

ಪತ್ರಾಗಾರಕ್ಕೆ ಹೋಗುವ ಹೊತ್ತು ಈಗ ಬಂತು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಡತಗಳಿವೆ. ನಿಮ್ಮ ಮನೆಯ ಹೆಸರು ಅಲ್ಲಿ ಹುಡುಕಬೇಡಿ, ಬಡಾವಣೆಯ ಹೆಸರು ಹುಡುಕಿ: ಬಸವನಗುಡಿ ಎಕ್ಸ್‌ಟೆನ್ಷನ್, ಮಲ್ಲೇಶ್ವರಂ ಎಕ್ಸ್‌ಟೆನ್ಷನ್, ಪ್ಲೇಗ್, ಸೈಟು ಹಂಚಿಕೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯ, ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯವನ್ನೂ ನೋಡಿ.

ಚಾಮರಾಜಪೇಟೆ 1892ರದ್ದು. ಬಸವನಗುಡಿ, ಮಲ್ಲೇಶ್ವರ ಜನ ತುಂಬಿದ್ದು 1898ರ ಪ್ಲೇಗಿನ ನಂತರ. ಅದಕ್ಕಿಂತ ಹಿಂದಿನ ಇಸವಿ ನಿಮಗೆ ಸಿಕ್ಕರೆ ಎರಡು ಸಲ ನೋಡಿ. ಸುಂಕೇನಹಳ್ಳಿ, ಮಲ್ಲಾಪುರದಂಥ ಹಳೇ ಹಳ್ಳಿಯ ಭಾಗದಲ್ಲಿದ್ದರೆ ಸರಿ ಇರಬಹುದು, ಬಡಾವಣೆಯ ನೇರ ರಸ್ತೆಯಲ್ಲಿದ್ದರೆ ಎಲ್ಲೋ ತಪ್ಪಿದೆ.

ಪಾಲಿಕೆಯ ಹಳೇ ಕಂದಾಯ ರಿಜಿಸ್ಟರು, ಕಟ್ಟಡ ಪರವಾನಗಿಯ ನಕ್ಷೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಮನೆಯ ಕಥೆಯೆಲ್ಲ ಬರೆದು ಕಳಿಸಿದ ಅರ್ಜಿಗಳು ವಾಪಸ್ ಬರುತ್ತವೆ. ಹಳೇ ನಂಬರ್, ಹೊಸ ನಂಬರ್, ರಸ್ತೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ದಾಖಲೆಯ ಪ್ರತಿ ಬೇಕು, ಇಷ್ಟೇ ಸಾಕು.

ಹಂತ 9: ಒಂದೇ ಹಾಳೆಗೆ ತನ್ನಿ

ಎಡಕ್ಕೆ ಇಸವಿ, ಪಕ್ಕದಲ್ಲಿ ಸೈಟು, ಕಟ್ಟಡ, ಮನೆಯವರು ಅಂತ ಮೂರು ಅಂಕಣ. ಪ್ರತಿ ಸಾಲಿನ ಕೊನೆಯಲ್ಲಿ ಅದು ಎಲ್ಲಿಂದ ಗೊತ್ತಾಯಿತು ಅಂತ ಬರೆಯಿರಿ: ಪತ್ರ, ವಸ್ತು, ಕಂಡವರ ಮಾತು, ಕೇಳಿದ ಮಾತು. ಎರಡು ಬೇರೆ ಬೇರೆ ಮೂಲ ಒಪ್ಪಿದ ಸಾಲಿಗೆ ಮಾತ್ರ ಶಾಯಿ ಹಚ್ಚಿ, ಉಳಿದದ್ದು ಪೆನ್ಸಿಲಿನಲ್ಲೇ ಇರಲಿ. ನಮ್ಮ ಹಾಳೆಯಲ್ಲಿ "1919ರಿಂದ 1924ರ ನಡುವೆ, ಕೆಳಮನೆ ಕಟ್ಟಿದ್ದು" ಇನ್ನೂ ಪೆನ್ಸಿಲಿನಲ್ಲಿದೆ, ಕಟ್ಟಿಸಿದವರ ಹೆಸರಿಗೆ ಎರಡನೇ ಪುರಾವೆ ಸಿಕ್ಕಿಲ್ಲ. "1937, ಮಹಡಿ" ಶಾಯಿಯಲ್ಲಿದೆ.

ಮನೆಯಲ್ಲಿ ಹೇಳುತ್ತಾ ಬಂದ ಕಥೆ ಕಾಗದಕ್ಕೆ ಹೊಂದದಿದ್ದರೆ ಅದನ್ನು ಅಳಿಸಬೇಡಿ. ಯಾರು ಹೇಳಿದ್ದು ಅಂತ ಹೆಸರಿನೊಂದಿಗೆ ಕೆಳಗೆ ಬರೆದಿಡಿ. ಆಮೇಲೆ ಹಾಳೆಯ ಪ್ರತಿ ಎಲ್ಲಾ ಕವಲಿನವರಿಗೂ ಕೊಡಿ, ಪತ್ರಗಳ ಫೋಟೋ ಕನಿಷ್ಠ ಎರಡು ಮನೆಯಲ್ಲಿ ಇರಲಿ. ಮನೆ ಬಿಲ್ಡರಿಗೆ ಕೊಡುವ ಮಾತು ನಡೆಯುತ್ತಿದ್ದರೆ ಅಳತೆ ನಕ್ಷೆ, ಕೋಣೆಗಳ ಫೋಟೋ, ಹೆಂಚಿನ ಹಿಂಬದಿ, ಇವನ್ನು ಕರಾರಿಗೆ ಸಹಿ ಹಾಕುವ ಮುಂಚೆಯೇ ಮುಗಿಸಿ. ಬೀಗದ ಕೈ ಕೊಟ್ಟ ಮೇಲೆ ಒಳಗೆ ಬಿಡುವುದಿಲ್ಲ.